ಬಣ್ಣಕ್ಕೆ ಮೊದಲು

ನಮ್ಮ ಬ್ಯಾಚಿನವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಅಮೆರಿಕದಲ್ಲಿ ಎರಡು ವರ್ಷ ಇದ್ರಲ್ಲ, ಎಂತ ನೋಡಿದ್ರಿ?" ನಯಾಗರ ನೋಡಲಿಲ್ಲ, ನ್ಯೂಯಾರ್ಕ್ ನೋಡಲಿಲ್ಲ. ನಾವು ನೋಡಿದ್ದು ಒಂದು ರೆಕ್ಕೆ. ಅದೂ ವಿಮಾನದ ರೆಕ್ಕೆಗೆ ಬಣ್ಣ ಹೊಡೆಯುವುದಕ್ಕೆ ಮೊದಲು ಮಾಡುವ ಕೆಲಸ. ಬಣ್ಣ ಬಿದ್ದಾಗ ನಾವು ಅಲ್ಲಿರಲಿಲ್ಲ.

ಹಾಗೆ ಹೇಳಿದರೆ ಎಲ್ಲರೂ ನಗುತ್ತಾರೆ. ಅವರ ಜೊತೆ ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಕಳೆದ ವಾರ ಒಂದು ಇ-ಮೇಲ್ ಬಂತು. ಅದನ್ನು ಓದಿದ ಮೇಲೆ ಇದನ್ನು ಪೂರ್ತಿಯಾಗಿ ಹೇಳಿಬಿಡುವುದೇ ಒಳ್ಳೆಯದು ಅನ್ನಿಸಿತು.

ನಾವು ಅಂದರೆ ಗಂಡ, ಹೆಂಡತಿ. ಗ್ರಾಮೀಣ ಪತ್ರಿಕೋದ್ಯಮ ಓದುವಾಗ ಒಂದೇ ತರಗತಿಯಲ್ಲಿದ್ದವರು. ನಮ್ಮಲ್ಲೊಬ್ಬ ಪತ್ರಿಕೆಯ ಸಂಬಳ ಸಾಲದೆ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕೈಪಿಡಿ ಬರೆಯುವ ಕೆಲಸಕ್ಕೆ ಸೇರಿದ. 2011ರ ಜನವರಿಯಲ್ಲಿ ಕಂಪನಿ ಅವನನ್ನು ವಿಸ್ಕಾನ್ಸಿನ್‌ಗೆ ಕಳಿಸಿತು. ಇನ್ನೊಬ್ಬಳು ಜೊತೆಗೆ ಹೋದಳು. ಅವಳ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿರಲಿಲ್ಲ. ವಾರಕ್ಕೆ ಮೂರು ವರದಿ ಬರೆಯುತ್ತಿದ್ದ ಕೈ, ಮೊಣಕಾಲುದ್ದದ ಹಿಮ ನೋಡುತ್ತ ಕಿಟಕಿಯ ಬಳಿ ಸುಮ್ಮನೆ ಕೂರಬೇಕಾಯಿತು. ಆ ಮೊದಲ ಚಳಿಗಾಲದ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ವಿಸ್ಕಾನ್ಸಿನ್ ಅಂದರೆ ಹಾಲಿನ ರಾಜ್ಯ. ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೇ ಅಮೆರಿಕದ ಹೈನುನಾಡು ಅಂತ ಬರೆದಿರುತ್ತದೆ. ನಾವು ಬಾಡಿಗೆಗೆ ಹಿಡಿದ ಮನೆ ಒಂದು ಹಳೆಯ ಜಮೀನಿನ ಅಂಚಿನಲ್ಲಿತ್ತು. ಜಮೀನಿನ ಯಜಮಾನರಿಗೆ ಎಪ್ಪತ್ತಾರು ವರ್ಷ. ಹಸುಗಳನ್ನೆಲ್ಲ ಮಾರಿಯಾಗಿತ್ತು. ಹೆಸರು ಹಿಡಿದೇ ಕರೆಯಿರಿ ಅಂತ ಅವರು ಎಷ್ಟು ಸಲ ಹೇಳಿದರೂ ನಮಗೆ ನಾಲಿಗೆ ಏಳಲಿಲ್ಲ. "ಅಜ್ಜ" ಅಂತ ಕರೆದೆವು. ಅರ್ಥ ಕೇಳಿದರು, ಹೇಳಿದೆವು. "ನನಗೆ ಮೊಮ್ಮಕ್ಕಳಿಲ್ಲ, ಆದರೂ ಇರಲಿ" ಅಂದರು.

2012ರ ಏಪ್ರಿಲಿನಲ್ಲಿ ಒಂದು ದಿನ ಅಜ್ಜ ಬಾಗಿಲು ತಟ್ಟಿ ಕೇಳಿದರು, "ನಿಮ್ಮಲ್ಲಿ ಯಾರಿಗಾದರೂ ಸೂಜಿ ಹಿಡಿಯಲು ಬರುತ್ತದೆಯೇ?"

ಅಂಗಿಯ ಗುಂಡಿ ಹಾಕಿಸಲು ಬಂದಿದ್ದಾರೆ ಅಂದುಕೊಂಡೆವು. ಅವರು ನಮ್ಮನ್ನು ಹಿಂದಿನ ದನದ ಹಟ್ಟಿಗೆ ಕರೆದುಕೊಂಡು ಹೋದರು. ಹಸುಗಳು ಕಟ್ಟಿರುತ್ತಿದ್ದ ಜಾಗದಲ್ಲಿ ಮರದ ಅಸ್ಥಿಪಂಜರವೊಂದು ನಿಂತಿತ್ತು. ಉದ್ದಕ್ಕೆ ಎರಡು ತೊಲೆ, ಅವಕ್ಕೆ ಅಡ್ಡವಾಗಿ ತೆಳ್ಳಗಿನ ಕಡ್ಡಿಗಳನ್ನು ಅಂಟಿಸಿ ಮಾಡಿದ ಪಕ್ಕೆಲುಬುಗಳು. ಮೀನಿನ ಮುಳ್ಳಿನ ಹಾಗೆ. "ವಿಮಾನದ ರೆಕ್ಕೆ," ಅಂದರು. ಮನೆಯಲ್ಲಿ ವಿಮಾನ ಮಾಡುತ್ತಾರೆಯೇ ಅಂತ ನಾವಿಬ್ಬರೂ ಒಟ್ಟಿಗೇ ಕೇಳಿದೆವು.

ಮಾಡುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಕಾನೂನೇ ಉಂಟು. ಕಲಿಯುವುದಕ್ಕೋ ಖುಷಿಗೋ ಅಂತ ಕಟ್ಟಬೇಕು. ಕೆಲಸದ ಬಹುಪಾಲನ್ನು ಹವ್ಯಾಸಿಗಳೇ ಮಾಡಿರಬೇಕು. ಕಟ್ಟಿ ಮುಗಿದ ಮೇಲೆ ಪರಿಶೀಲಕರು ಬಂದು ನೋಡುತ್ತಾರೆ, ಕಟ್ಟಿದ ದಿನಚರಿ ಪುಸ್ತಕವನ್ನೂ ನೋಡುತ್ತಾರೆ. ಒಪ್ಪಿಗೆ ಸಿಕ್ಕರೆ ಹತ್ತುವ ಜಾಗದ ಬಳಿ ದೊಡ್ಡ ಅಕ್ಷರದಲ್ಲಿ 'ಎಕ್ಸ್‌ಪೆರಿಮೆಂಟಲ್' ಅಂತ ಬರೆದುಕೊಳ್ಳಬೇಕು. ಅಜ್ಜನದರಂಥ ವಿಮಾನವಾದರೆ ಆಗ ಮೊದಲ ನಲವತ್ತು ಗಂಟೆ ಪ್ರಯಾಣಿಕರನ್ನು ಹತ್ತಿಸದೆ ಹಾರಿಸಿ ಪರೀಕ್ಷೆ ಮಾಡಬೇಕಿತ್ತು. ಇಂಥ ವಿಮಾನ ಕಟ್ಟುವವರ ಸಂಘ ಇ.ಎ.ಎ. ಶುರುವಾದದ್ದೂ ಇದೇ ವಿಸ್ಕಾನ್ಸಿನ್‌ನಲ್ಲಿ, 1953ರಲ್ಲಿ. 1970ರಿಂದ ಅವರ ವಾರ್ಷಿಕ ಜಾತ್ರೆ ನಡೆಯುವುದು ಅದೇ ರಾಜ್ಯದ ಆಶ್‌ಕಾಶ್‌ನಲ್ಲಿ.

ಅಜ್ಜ ಕಟ್ಟುತ್ತಿದ್ದದ್ದು 'ಏರ್ ಕ್ಯಾಂಪರ್'. ಪಕ್ಕದ ಮಿನೆಸೋಟ ರಾಜ್ಯದ ಚೆರ್ರಿ ಗ್ರೋವ್ ಎಂಬ ಪುಟ್ಟ ಊರಿನ ಬರ್ನಾರ್ಡ್ ಪೀಟನ್‌ಪೋಲ್ ಎಂಬವರು 1920ರ ದಶಕದ ಕೊನೆಯಲ್ಲಿ ರೂಪಿಸಿದ ವಿಮಾನ ಅದು. ಅವರು ಎಂಜಿನಿಯರಿಂಗ್ ಓದಿದವರಲ್ಲ, ಮೆಕ್ಯಾನಿಕ್. ಹಳ್ಳಿಯವನ ಕೈಗೆ ಸಿಗುವ ಸಾಮಾನಿನಿಂದ ವಿಮಾನ ಆಗಬೇಕು ಅನ್ನುವುದು ಅವರ ಹಟ. ಹಾಗಾಗಿ ಮರದ ಚೌಕಟ್ಟು, ಮೇಲೆ ಬಟ್ಟೆ, ಮೂತಿಗೆ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನು. ತಲೆಯ ಮೇಲೆ ಕೊಡೆ ಹಿಡಿದ ಹಾಗೆ ಒಂದೇ ರೆಕ್ಕೆ. ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ತೆರೆದ ಸೀಟು. ಹಾರಿಸುವವರು ಹಿಂದಿನ ಸೀಟಿನಲ್ಲಿ, ಅತಿಥಿ ಮುಂದೆ. 1932ರಲ್ಲಿ ಅದರ ನಕ್ಷೆ ಒಂದು ಹವ್ಯಾಸಿ ಕೈಪಿಡಿಯಲ್ಲಿ ಅಚ್ಚಾಯಿತು. ಇವತ್ತಿಗೂ ಜನ ಅದನ್ನು ನೋಡಿ ಕಟ್ಟುತ್ತಿದ್ದಾರೆ.

ಅಜ್ಜ ಮತ್ತು ಅವರ ಹೆಂಡತಿ ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದರು. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಮರದ ಕೆಲಸ ಒಬ್ಬರೇ ಮಾಡಬಹುದು. ಬಟ್ಟೆ ಹೊಲಿಯಲು ಮಾತ್ರ ಇಬ್ಬರು ಬೇಕೇ ಬೇಕು. ಅಜ್ಜ ಬಾಗಿಲು ತಟ್ಟಿದ್ದು ಅದಕ್ಕೆ.

ಬಟ್ಟೆಯ ವಿಮಾನ ಅಂದಾಗ ನಮಗೆ ಹುಡುಗಾಟ ಅನ್ನಿಸಿತ್ತು. ಆಮೇಲೆ ಓದಿ ನೋಡಿದರೆ, 1903ರಲ್ಲಿ ರೈಟ್ ಸಹೋದರರು ಹಾರಿದ್ದು ಹೆಂಗಸರ ಒಳಉಡುಪಿಗೆ ಬಳಸುತ್ತಿದ್ದ ಮಸ್ಲಿನ್ ಬಟ್ಟೆ ಹೊದಿಸಿದ ರೆಕ್ಕೆಯ ಮೇಲೆ. ಅದಕ್ಕೆ ಲೇಪವೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಎಚ್.ಎ.ಎಲ್. 1958ರಲ್ಲಿ ಮೊದಲು ಹಾರಿಸಿದ 'ಪುಷ್ಪಕ್' ಕೂಡ ಬಟ್ಟೆ ಹೊದಿಸಿದ ವಿಮಾನವೇ. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಪೈಲಟ್‌ಗಳು ಕಲಿತದ್ದು ಅದರಲ್ಲಿ. ಪತ್ರಿಕೋದ್ಯಮ ಓದಿದ ನಮಗೆ ಇದು ವಿಸ್ಕಾನ್ಸಿನ್ನಿನ ಹಟ್ಟಿಯಲ್ಲಿ ಕೂತು ಗೊತ್ತಾಗಬೇಕಾಯಿತು.

ನಮ್ಮಲ್ಲೊಬ್ಬನ ಅಪ್ಪ ಊರಿನ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಬಸ್ಸಿಗೆ ಬಣ್ಣ ಹೊಡೆದವರು. ಅವರ ಒಂದು ಮಾತು ಮನೆಯಲ್ಲಿ ಕೇಳಿ ಕೇಳಿ ಸವೆದುಹೋಗಿತ್ತು: "ಬಣ್ಣ ಹೊಡೆಯುವುದು ಅರ್ಧ ದಿನ. ಅದಕ್ಕಿಂತ ಮೊದಲಿನದ್ದೇ ಒಂದು ವಾರ." ಬಸ್ಸಿಗೆ ಒಂದು ವಾರವಾದರೆ ಈ ರೆಕ್ಕೆಗೆ ಅದು ಆರು ತಿಂಗಳು ಹಿಡಿಯಿತು.

ಮೊದಲು ವಾರ್ನಿಶ್. ಬಟ್ಟೆ ಅಂಟಿಸುವ ಗೋಂದಿನಲ್ಲಿರುವ ದ್ರಾವಕ ಸಾಮಾನ್ಯ ವಾರ್ನಿಶನ್ನು ಎಬ್ಬಿಸಿ ಬಿಡುತ್ತದೆ. ಅದಕ್ಕೆ ಮರಕ್ಕೆಲ್ಲ ಎಪಾಕ್ಸಿ ವಾರ್ನಿಶ್ ಹಚ್ಚಬೇಕು. ಆಮೇಲೆ ಪ್ರತಿಯೊಂದು ಮೂಲೆಯನ್ನೂ ಬೆರಳಲ್ಲಿ ತಡವಿ ನೋಡಬೇಕು. ಎಲ್ಲಾದರೂ ಒಂದು ಒಣಗಿದ ಗೋಂದಿನ ಹನಿ ಉಳಿದರೂ ನಾಳೆ ಅದು ಬಟ್ಟೆಯನ್ನು ಒಳಗಿನಿಂದ ತಿನ್ನುತ್ತದೆ. ಅಜ್ಜನ ಕಣ್ಣು ಮಂಜಾಗಿತ್ತು, ಬೆರಳು ಮಾತ್ರ ಚುರುಕು.

ಆಮೇಲೆ ಬಟ್ಟೆ. ಈಗ ಹತ್ತಿಯಲ್ಲ, ಪಾಲಿಯೆಸ್ಟರ್. ಅಂಚುಗಳನ್ನು ಅಂಟಿಸಿದಾಗ ಅದು ಒಗೆದು ಹಾಕಿದ ಸೀರೆಯ ಹಾಗೆ ಜೋಲುತ್ತಿತ್ತು. ಇದೆಂಥ ರೆಕ್ಕೆ ಅಂದುಕೊಳ್ಳುವಾಗ ಅಜ್ಜ ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದರು. ಅಜ್ಜಿಯ ಇಸ್ತ್ರಿಪೆಟ್ಟಿಗೆ. ಅದರ ತಿರುಗಣೆಯ ಮೇಲಿನ 'ಕಾಟನ್', 'ಸಿಲ್ಕ್' ಎಲ್ಲ ಅಳಿಸಿ, ಥರ್ಮಾಮೀಟರ್ ಇಟ್ಟು ಅಳೆದು, ಪೆನ್ಸಿಲಿನಲ್ಲಿ ಗೆರೆ ಹಾಕಿದ್ದರು. ಮೊದಲು 250 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ 300, ಕೊನೆಗೆ 350. ಅದರ ಮೇಲೆ ಹೋದರೆ ಬಿಗಿಯಾಗುವ ಬದಲು ಬಟ್ಟೆ ಸಡಿಲವಾಗುತ್ತದೆ, ಇನ್ನೂ ಹೋದರೆ ಕರಗುತ್ತದೆ. ಇಸ್ತ್ರಿ ಹರಿದ ಕಡೆಯೆಲ್ಲ ಸುಕ್ಕು ಮಾಯ. ಕೊನೆಯ ಸುತ್ತು ಮುಗಿದಾಗ ಅಜ್ಜ ಬೆರಳಿನಿಂದ ಬಡಿದರು. ಧಿಂ ಅಂದಿತು. ಮಳೆಗಾಲ ಮುಗಿದು ಮೇಳ ಹೊರಡುವ ಹೊತ್ತಿಗೆ ಮದ್ದಳೆಗೆ ಶ್ರುತಿ ಕೂಡಿಸಿ ಬಾರಿಸಿದ ಹಾಗೆ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಜ್ಜನಿಗೆ ಯಕ್ಷಗಾನ ಅಂದರೆ ಏನು ಅಂತ ವಿವರಿಸಲು ಆ ಸಂಜೆ ಪೂರ್ತಿ ಬೇಕಾಯಿತು.

ಬಿಗಿದರೆ ಸಾಕೇ? ಸಾಲದು. ವಿಮಾನ ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಬಟ್ಟೆ ಮೇಲಕ್ಕೆ ಎಳೆಯಲ್ಪಡುತ್ತದೆ. ಇಡೀ ವಿಮಾನ ನೇತಾಡುವುದು ಆ ಎಳೆತಕ್ಕೆ. ಬಟ್ಟೆ ಪಕ್ಕೆಲುಬಿನಿಂದ ಬಿಟ್ಟುಕೊಂಡು ಉಬ್ಬಿದರೆ ಕೆಲಸ ಕೆಟ್ಟಿತು. ಅದಕ್ಕೆ ಪ್ರತಿಯೊಂದು ಪಕ್ಕೆಲುಬಿಗೂ ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಎರಡನ್ನೂ ಸೇರಿಸಿ ಮೇಣ ಹಾಕಿದ ದಾರದಲ್ಲಿ ಹೊಲಿಯಬೇಕು. ಸುಮಾರು ಮೂರು ಇಂಚಿಗೊಂದು ಹೊಲಿಗೆ. ಪ್ರೊಪೆಲ್ಲರಿನ ಗಾಳಿ ಬಡಿಯುವ ನಡುಭಾಗದಲ್ಲಿ ಇನ್ನೂ ಹತ್ತಿರ.

ಹೊಲಿಯುವ ಮೊದಲು ಬಟ್ಟೆಗೆ ಪಾಲಿ-ಬ್ರಶ್ ಎಂಬ ಗುಲಾಬಿ ಬಣ್ಣದ ಲೇಪ ಕೊಡಬೇಕು. ಪಾಲಿಯೆಸ್ಟರ್ ಹತ್ತಿಯ ಹಾಗೆ ಹೀರಿಕೊಳ್ಳುವುದಿಲ್ಲ. ಲೇಪ ನೂಲಿನ ಸುತ್ತ ಹೋಗಿ ತಬ್ಬಿ ಹಿಡಿಯಬೇಕು. ಇದನ್ನು ಸ್ಪ್ರೇ ಮಾಡಿದರೆ ಮೇಲೆ ಮಾತ್ರ ಕೂರುತ್ತದೆ. ಬ್ರಶ್ಶಿನಲ್ಲಿ ತಿಕ್ಕಿಯೇ ಹಚ್ಚಬೇಕು. ಈ ಲೇಪ ಸರಿಯಾಗಿ ಕೂರದಿದ್ದರೆ ಮೇಲಿನ ಬಣ್ಣವೆಲ್ಲ ಒಂದು ದಿನ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ವಾಸನೆಗೆ ತಲೆ ತಿರುಗುತ್ತದೆ. ಅಜ್ಜ ಮುಖವಾಡ, ಕೈಗವಸು ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಮೊದಲ ಮಹಾಯುದ್ಧದ ಸಮಯ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ರೆಕ್ಕೆಗೆ ಲೇಪ ಹಚ್ಚುತ್ತಿದ್ದ ಹೆಂಗಸರಲ್ಲಿ ಅದರೊಳಗಿನ ಟೆಟ್ರಾಕ್ಲೋರೋಈಥೇನ್‌ನಿಂದ ಕಾಮಾಲೆ ಬಂದು ಕೆಲವರು ಸತ್ತೇ ಹೋದರು ಅಂತ ಅವರೇ ಹೇಳಿದ್ದು.

ಹೊಲಿಗೆಗೆ ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿದೆವು. ಈ ಕಡೆ ಒಬ್ಬಳು, ಆ ಕಡೆ ಒಬ್ಬ. ಒಂದು ಅಡಿ ಉದ್ದದ ಸೂಜಿ ಈ ಕಡೆಯಿಂದ ಪಕ್ಕೆಲುಬಿನ ಒಂದು ಬದಿಗೆ ಹೊಕ್ಕು ಆ ಕಡೆ ಹೊರಡಬೇಕು. ಆ ಕಡೆಯವರು ಎಳೆದುಕೊಂಡು ಪಕ್ಕೆಲುಬಿನ ಇನ್ನೊಂದು ಬದಿಯಿಂದ ವಾಪಸು ಕಳಿಸಬೇಕು. ನಡುವೆ ಬಟ್ಟೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಸೂಜಿಯ ಮೊನೆ ಕಂಡ ಕೂಡಲೇ "ಬಂತು" ಅನ್ನಬೇಕು. ಹಗಲು ಅಜ್ಜ ಆ ಕಡೆ ನಿಲ್ಲುತ್ತಿದ್ದರು, ಸಂಜೆ ಮತ್ತು ಶನಿವಾರ ನಾವಿಬ್ಬರೇ. ಅಜ್ಜನೂ "ಬಂತು" ಕಲಿತರು.

ಗಂಟು ಹಾಕುವ ಕೆಲಸ ನಮ್ಮಲ್ಲೊಬ್ಬಳಿಗೆ ಬೇಗ ಕೈಗೆ ಹತ್ತಿತು. ಅವಳ ಅಮ್ಮ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ನೂಲು ಎಷ್ಟು ಎಳೆದರೆ ಎಲೆ ಹರಿಯುತ್ತದೆ, ಎಷ್ಟು ಬಿಟ್ಟರೆ ಬೀಡಿ ಸಡಿಲವಾಗುತ್ತದೆ ಅನ್ನುವುದು ಆರನೇ ತರಗತಿಯಿಂದಲೇ ಬೆರಳಿಗೆ ಗೊತ್ತಿತ್ತು. ಅಂತೂ ಅಮೆರಿಕದಲ್ಲಿ ಅವಳಿಗೆ ಬಂದ ವಿದ್ಯೆ ಉಪಯೋಗಕ್ಕೆ ಬಂದದ್ದು ಹಟ್ಟಿಯಲ್ಲಿ. ಡಿಗ್ರಿಯದ್ದಲ್ಲ, ಬೀಡಿಯದ್ದು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ವಿಮಾನಕ್ಕೂ ನೂಲು ಕಟ್ಟುವುದು ಉಂಟಾ ಮಗಳೇ?" ಅಂತ ಎಷ್ಟೋ ಹೊತ್ತು ನಕ್ಕರು.

ಮುಖ ಕಾಣದಿದ್ದರೆ ಕೆಲವು ಮಾತು ಸಲೀಸು. ಊರಿಗೆ ವಾಪಸು ಹೋಗೋಣವಾ, ಇಲ್ಲೇ ಉಳಿಯೋಣವಾ ಅನ್ನುವ ಮಾತನ್ನು ನಾವು ಅಡುಗೆಮನೆಯಲ್ಲಿ ಆಡಿದರೆ ಜಗಳ ಆಗುತ್ತಿತ್ತು. ರೆಕ್ಕೆಯ ಆಚೆ ಈಚೆ ನಿಂತು ಆಡಿದಾಗ ಆಗಲಿಲ್ಲ. "ನನಗೆ ಇಲ್ಲಿ ಉಸಿರು ಕಟ್ಟುತ್ತದೆ ಮಾರಾಯ" ಅಂತ ಅವಳು ಮೊದಲ ಸಲ ಹೇಳಿದ್ದು ಅಲ್ಲಿ. ಆ ಕಡೆಯಿಂದ ಸ್ವಲ್ಪ ಹೊತ್ತು ಸೂಜಿ ಬರಲಿಲ್ಲ. ಆಮೇಲೆ ಬಂತು. ಡಿಸೆಂಬರಿಗೆ ಪ್ರಾಜೆಕ್ಟ್ ಮುಗಿದ ಕೂಡಲೇ ಹೊರಡುವುದು ಅಂತ ನಿರ್ಧಾರವಾಯಿತು.

ಹೊಲಿಗೆ ಮುಗಿಯುವಾಗ ಜುಲೈ. ಹೊಲಿಗೆಯ ಮೇಲೆ ಗರಗಸದ ಹಲ್ಲಿನ ಹಾಗೆ ಅಂಚು ಕತ್ತರಿಸಿದ ಪಟ್ಟಿ ಅಂಟಿಸಿದೆವು. ನೀರು ಇಳಿದುಹೋಗಲು ಕೆಳಭಾಗದಲ್ಲಿ ಸಣ್ಣ ಸಣ್ಣ ತೂತಿನ ಬಿಲ್ಲೆಗಳು, ಒಳಗೆ ಕೈ ಹಾಕಿ ನೋಡಲು ಉಂಗುರಗಳು. ಆಮೇಲೆ ಬೆಳ್ಳಿ. ಅಲ್ಯೂಮಿನಿಯಂ ಪುಡಿ ಬೆರೆಸಿದ ಪಾಲಿ-ಸ್ಪ್ರೇಯನ್ನು ಉದ್ದಕ್ಕೆ, ಅಡ್ಡಕ್ಕೆ ಅಂತ ಮೂರು ಸುತ್ತು ಹೊಡೆಯಬೇಕು. ಚಂದಕ್ಕಲ್ಲ. ಪಾಲಿಯೆಸ್ಟರಿಗೆ ಬಿಸಿಲೇ ಶತ್ರು. ಬೆಳ್ಳಿ ಬಿಸಿಲನ್ನು ಒಳಗೆ ಬಿಡುವುದಿಲ್ಲ. ಅದರ ಮೇಲೆ ಕೆನೆ ಬಣ್ಣ ಬೀಳಬೇಕು ಅಂತ ಅಜ್ಜಿ ಬದುಕಿದ್ದಾಗಲೇ ಆರಿಸಿ ಇಟ್ಟಿದ್ದರು.

ಅಜ್ಜನಿಗೆ ಅವಸರ ಇತ್ತು. ಹೇಳಿಕೊಳ್ಳುತ್ತಿರಲಿಲ್ಲ. ಅಮೆರಿಕದಲ್ಲಿ 2004ರಿಂದ ಇಂಥ ಹಗುರ ವಿಮಾನ ಹಾರಿಸಲು ಪ್ರತ್ಯೇಕ ವೈದ್ಯಕೀಯ ಪರೀಕ್ಷೆ ಬೇಕಿಲ್ಲ, ಕಾರಿನ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕು. ಅಜ್ಜನ ಲೈಸೆನ್ಸ್ ಮುಗಿಯುವುದು 2013ರ ಆಗಸ್ಟಿನಲ್ಲಿ. ನವೀಕರಣಕ್ಕೆ ಹೋದರೆ ಕಣ್ಣು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಪಾಸಾಗುವ ಭರವಸೆ ಅವರಿಗಿರಲಿಲ್ಲ. ಅವರ ಲೆಕ್ಕ ಹೀಗಿತ್ತು: ಸೆಪ್ಟೆಂಬರ್ ಮುಗಿಯುವುದರೊಳಗೆ ಬಣ್ಣ, ಚಳಿಗಾಲ ಪೂರ್ತಿ ಜೋಡಣೆ, ವಸಂತದಲ್ಲಿ ಪರಿಶೀಲನೆ, ಮೇ ತಿಂಗಳಲ್ಲಿ ಹಾರಾಟ. ಮೂರು ತಿಂಗಳಾದರೂ ತಾನೇ ಹಾರಿಸಬಹುದು. ಸೆಪ್ಟೆಂಬರ್ ದಾಟಿದರೆ ಹಟ್ಟಿಯಲ್ಲಿ ಚಳಿ ಕೂರುತ್ತದೆ. ಚಳಿಯಲ್ಲಿ, ತೇವದಲ್ಲಿ ಬಣ್ಣ ಸರಿಯಾಗಿ ಕೂರುವುದಿಲ್ಲ, ಬೆಳ್ಳಗೆ ಮಂಕು ಹಿಡಿಯುತ್ತದೆ. ಆಮೇಲೆ ಮೇ ತಿಂಗಳ ತನಕ ಕಾಯಬೇಕು.

ಸೆಪ್ಟೆಂಬರ್ ಮೂರನೇ ವಾರ. ಬಣ್ಣಕ್ಕೆ ಮೊದಲಿನ ಕೊನೆಯ ಕೆಲಸ, ಬೆಳ್ಳಿಯನ್ನು ವಾಟರ್ ಪೇಪರಿನಲ್ಲಿ ನಯವಾಗಿ ತಿಕ್ಕುವುದು. ನೀರು ಚಿಮುಕಿಸಿ, ಬೆರಳ ತುದಿಯಿಂದಲ್ಲ, ಅಂಗೈಯಿಂದ ಹಗುರವಾಗಿ. ಅಜ್ಜ ಹತ್ತು ಸಲ ಹೇಳಿದ್ದರು: "ಬಯಲಲ್ಲಿ ತಿಕ್ಕಿ. ಪಕ್ಕೆಲುಬಿನ ಮೇಲೆ ಬೇಡ. ಅಲ್ಲಿ ದಾರ ಎದ್ದಿರುತ್ತದೆ, ಎದ್ದದ್ದೇ ಮೊದಲು ಸವೆಯುವುದು." ಆ ಶುಕ್ರವಾರ ಅವರು ಬೇಗ ಮಲಗಲು ಹೋದರು. ಶನಿವಾರ ಬೆಳಿಗ್ಗೆ ಬಣ್ಣ ಅಂತ ಗೊತ್ತಾಗಿತ್ತು. ಉಳಿದದ್ದನ್ನು ನಾವು ಮುಗಿಸಿ ಕೊಡುತ್ತೇವೆ ಅಂದೆವು.

ಬೇಗ ಮುಗಿಸಬೇಕು, ಚಂದ ಕಾಣಬೇಕು ಅನ್ನುವ ಆಸೆ ಎರಡೂ ಸೇರಿದರೆ ಕೈ ಭಾರವಾಗುತ್ತದೆ. ನಡುಭಾಗದ ಒಂದು ಪಕ್ಕೆಲುಬಿನ ಮೇಲೆ ಪಟ್ಟಿ ಸ್ವಲ್ಪ ಉಬ್ಬಿ ಗಂಟುಗಂಟಾಗಿ ಕಾಣುತ್ತಿತ್ತು. ಬಣ್ಣ ಬಿದ್ದ ಮೇಲೆ ಇದು ಕಣ್ಣಿಗೆ ಹೊಡೆಯುತ್ತದೆ ಅಂತ ನಾವು ಅಲ್ಲಿ ತಿಕ್ಕಿದೆವು. ನಯವಾಗುವ ತನಕ ತಿಕ್ಕಿದೆವು. ಯಾರ ಕೈ ಅಂತ ಇವತ್ತಿಗೂ ನಾವು ನಮ್ಮೊಳಗೆ ಕೇಳಿಕೊಂಡಿಲ್ಲ. ಇಬ್ಬರೂ ತಿಕ್ಕಿದ್ದು ನಿಜ.

ಮುಗಿದ ಮೇಲೆ ದೀಪದ ಪರೀಕ್ಷೆ. ಹಟ್ಟಿಯ ದೀಪ ಆರಿಸಿ, ತನಿಖೆಯ ತೂತಿನಿಂದ ರೆಕ್ಕೆಯ ಒಳಗೆ ಒಂದು ಬಲ್ಬ್ ಇಡುವುದು. ಬೆಳ್ಳಿ ಸರಿಯಾಗಿದ್ದರೆ ರೆಕ್ಕೆ ಕತ್ತಲಾಗಿರುತ್ತದೆ. ಎಲ್ಲಾದರೂ ಬೆಳಕು ಕಂಡರೆ ಅಲ್ಲಿ ಬಿಸಿಲೂ ಹೊಗುತ್ತದೆ ಅಂತ ಅರ್ಥ. ಬಲ್ಬ್ ಇಟ್ಟೆವು. ರೆಕ್ಕೆ ಪೂರ್ತಿ ಕತ್ತಲು. ನಡುವೆ, ನಾವು ತಿಕ್ಕಿದ ಆ ಪಕ್ಕೆಲುಬಿನ ಅಂಚಿಗೆ, ಬೆರಳುದ್ದದ ಒಂದು ಬೆಳಕಿನ ಗೆರೆ.

ಹತ್ತಿರ ಹೋಗಿ ಉಗುರಿನಿಂದ ಮುಟ್ಟಿದೆವು. ಬೆಳ್ಳಿ ಹೋಗಿತ್ತು, ಗುಲಾಬಿ ಹೋಗಿತ್ತು, ಪಟ್ಟಿಯ ನೂಲು ಜೂಲಾಗಿತ್ತು. ಅದರ ಅಡಿಯಲ್ಲಿ ಹೊಲಿಗೆಯ ದಾರದ ಒಂದು ಸುತ್ತು ತುಂಡಾಗಿತ್ತು. ಮೇಲ್ಭಾಗದಲ್ಲಿ, ಪ್ರೊಪೆಲ್ಲರಿನ ಗಾಳಿ ನೇರವಾಗಿ ಬಡಿಯುವಲ್ಲಿ.

ಆ ರಾತ್ರಿ ನಾವು ಮಾಡಿದ ಯೋಚನೆಯನ್ನು ಇದ್ದ ಹಾಗೆ ಬರೆಯುತ್ತೇವೆ. ಸ್ಪ್ರೇ ಗನ್ ಅಲ್ಲೇ ಇತ್ತು. ಬೆಳ್ಳಿ ಡಬ್ಬಿಯಲ್ಲಿ ಉಳಿದಿತ್ತು. ಒಂದು ಸುತ್ತು ಹೊಡೆದರೆ ಬೆಳಕು ನಿಲ್ಲುತ್ತಿತ್ತು. ಬೆಳಿಗ್ಗೆ ಅದರ ಮೇಲೆ ಕೆನೆ ಬಣ್ಣ. ಅಜ್ಜನ ಕಣ್ಣಿಗೆ ಅದು ಕಾಣುವ ಸಂಭವವೇ ಇರಲಿಲ್ಲ. ವಾದವೂ ಸಿದ್ಧವಿತ್ತು. ಪ್ರತಿ ಹೊಲಿಗೆಗೂ ಬೇರೆ ಬೇರೆ ಗಂಟು ಹಾಕುವುದೇ ಒಂದು ತುಂಡಾದರೆ ಉಳಿದದ್ದು ಬಿಚ್ಚದಿರಲಿ ಅಂತ, ಹಾಗೆಂದು ಅಜ್ಜನೇ ಕಲಿಸಿದ್ದರು. ನೂರಾರು ಹೊಲಿಗೆಯಲ್ಲಿ ಒಂದು. ಹೇಳಿದರೆ ಶನಿವಾರದ ಬಣ್ಣ ನಿಲ್ಲುತ್ತದೆ. ಬಣ್ಣ ನಿಂತರೆ ಸೆಪ್ಟೆಂಬರ್ ಹೋಗುತ್ತದೆ. ಸೆಪ್ಟೆಂಬರ್ ಹೋದರೆ ಆಗಸ್ಟಿನೊಳಗೆ ಹಾರುವುದು ಕಷ್ಟ. ಮುದುಕರೊಬ್ಬರ ಹನ್ನೊಂದು ವರ್ಷದ ಆಸೆಯನ್ನು ಒಂದು ನೂಲಿಗಾಗಿ ಕೆಡಿಸುವುದೇ? ಹೇಳದಿರುವುದೇ ದಯೆ ಅಂತಲೂ ಅನ್ನಿಸಿತು. ತಪ್ಪು ಮುಚ್ಚುವ ಹೊತ್ತಿಗೆ ಎಷ್ಟು ಒಳ್ಳೆಯ ಕಾರಣಗಳು ಹೊಳೆಯುತ್ತವೆ ನೋಡಿ.

ಊರಲ್ಲಿ ಆಗ ಬೆಳಿಗ್ಗೆ. ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಬೇಕಾದಷ್ಟು ಮುಚ್ಚಿದ್ದೇನೆ ಮಗ. ತುಕ್ಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ಧಣಿಗಳು ಅವಸರ ಮಾಡಿದರೆ ಮತ್ತೆಂತ ಮಾಡುವುದು? ಎರಡು ಮಳೆಗಾಲದಲ್ಲಿ ಅದೇ ಬಾಯಿ ಬಿಡುತ್ತದೆ. ಆದರೆ ಬಸ್ಸು ಕೆಟ್ಟರೆ ಇಳಿಯಬಹುದು." ಅಷ್ಟೇ ಹೇಳಿ ಫೋನ್ ಅಮ್ಮನ ಕೈಗೆ ಕೊಟ್ಟರು.

ಬೆಳಿಗ್ಗೆ ಆರಕ್ಕೆ ಅಜ್ಜ ಹಟ್ಟಿಗೆ ಬರುವಾಗ ನಾವು ಬಾಗಿಲಲ್ಲಿ ನಿಂತಿದ್ದೆವು. ಹೇಳಿದೆವು. ಅವರು ಒಳಗೆ ಹೋಗಿ ಆ ಜಾಗದ ಮೇಲೆ ಬೆರಳು ಆಡಿಸಿದರು. ಒಂದು ಸಲ, ಇನ್ನೊಂದು ಸಲ. ಬೈಯಲಿಲ್ಲ. "ಇನ್ನು ಯಾವ ಯಾವ ಪಕ್ಕೆಲುಬಿನ ಮೇಲೆ ತಿಕ್ಕಿದ್ದೀರಿ, ನೆನಪು ಮಾಡಿ," ಅಂದರು. ಅಷ್ಟರಲ್ಲಿ ನಮ್ಮಲ್ಲೊಬ್ಬಳು ಅಳುತ್ತಿದ್ದಳು. ಅಜ್ಜ ಸ್ಪ್ರೇ ಗನ್ನನ್ನು ಕಪಾಟಿನಲ್ಲಿಟ್ಟು ಸೂಜಿ ತೆಗೆದರು.

ನೆನಪು ಮಾಡಿಕೊಂಡು ಒಂದೊಂದೇ ತೋರಿಸಿದೆವು. ಇನ್ನೆರಡು ಕಡೆ ದಾರ ತುಂಡಾಗಿರಲಿಲ್ಲ, ಅರ್ಧ ಸವೆದಿತ್ತು. ದೀಪದ ಪರೀಕ್ಷೆಯಲ್ಲಿ ಅವು ಕಂಡಿರಲಿಲ್ಲ. ನಾವು ಆ ರಾತ್ರಿ ಮುಚ್ಚಿದ್ದರೆ ಮುಚ್ಚುತ್ತಿದ್ದದ್ದು ಒಂದಲ್ಲ, ಮೂರು. ದ್ರಾವಕದ ಬಟ್ಟೆಯಿಂದ ಪಟ್ಟಿಗಳನ್ನು ಮೆತ್ತಗೆ ಮಾಡಿ ಎಬ್ಬಿಸಿ, ಹಳೆ ದಾರ ತೆಗೆದು, ಮತ್ತೆ ಆಚೆ ಈಚೆ ನಿಂತು ಹೊಲಿದು, ಹೊಸ ಪಟ್ಟಿ, ಗುಲಾಬಿ, ಬೆಳ್ಳಿ. ನಡುವೆ ನಾಲ್ಕು ದಿನ ಮಳೆ. ಎಲ್ಲ ಮುಗಿಯುವಾಗ ಅಕ್ಟೋಬರ್ ಎರಡನೇ ವಾರ, ಹುಲ್ಲಿನ ಮೇಲೆ ಹಿಮದ ಪುಡಿ. ಅಜ್ಜ ರೆಕ್ಕೆಗೆ ಹಳೆ ಬೆಡ್‌ಶೀಟುಗಳನ್ನು ಹೊದಿಸಿದರು. "ವಸಂತಕ್ಕೆ," ಅಂದರು. ನಾವು ಡಿಸೆಂಬರಿನಲ್ಲಿ ಹೊರಡುವಾಗ ಅದು ಹಾಗೇ ಇತ್ತು. ಶೀಟು ಎತ್ತಿ ಒಂದು ಸಲ ಬೆಳ್ಳಿಯನ್ನು ನೋಡಿ ಬಂದೆವು.

ಆಮೇಲಿನದ್ದು ಇ-ಮೇಲಿನಲ್ಲಿ ಚೂರು ಚೂರಾಗಿ ಗೊತ್ತಾಯಿತು. 2013ರ ಮೇ ಕೊನೆಗೆ ಬಣ್ಣ. ಜೂನ್, ಜುಲೈ ಜೋಡಣೆ. ಆಗಸ್ಟ್ ಮೊದಲ ವಾರ ಪರಿಶೀಲಕರು ಬಂದು ಒಪ್ಪಿದರು. ಎರಡನೇ ವಾರ ಅಜ್ಜ ಕಣ್ಣು ಪರೀಕ್ಷೆಗೆ ಹೋದರು. ಪಾಸಾಗಲಿಲ್ಲ. ಆ ಎರಡು ದಿನಾಂಕದ ನಡುವೆ ಒಂದು ವಾರವೂ ಇರಲಿಲ್ಲ, ಗಾಳಿ ಜೋರಿತ್ತು.

ನಾವು ಆ ಮೇಲ್ ಓದಿ ಊಟ ಮಾಡಲಿಲ್ಲ. ಲೆಕ್ಕ ಸುಲಭ. ಆ ಶುಕ್ರವಾರ ನಮ್ಮ ಕೈ ಹಗುರವಾಗಿದ್ದರೆ ಅಜ್ಜ ತಾವೇ ಹಾರಿಸುತ್ತಿದ್ದರು. ಹೇಳಿದ್ದು ಸರಿ ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ. ಹೇಳಿದ್ದಕ್ಕೆ ಬೆಲೆ ಕೊಟ್ಟದ್ದು ನಾವಲ್ಲ ಅನ್ನುವುದೂ ಅಷ್ಟೇ ನಿಜ. ತರಗತಿಯಲ್ಲಿ ಸತ್ಯ ಹೇಳುವುದರ ಬಗ್ಗೆ ಪುಟಗಟ್ಟಲೆ ಬರೆದಿದ್ದೆವು. ನಾವು ಹೇಳುವ ಸತ್ಯಕ್ಕೆ ಬೇರೆಯವರು ದುಡ್ಡು ಕಟ್ಟಬೇಕಾಗಿ ಬಂದರೆ ಏನು ಅಂತ ಯಾರೂ ಕೇಳಿರಲಿಲ್ಲ.

ಗೆಳೆಯರೊಬ್ಬರು ನಲವತ್ತು ಗಂಟೆಯ ಪರೀಕ್ಷಾ ಹಾರಾಟ ಮುಗಿಸಿದರಂತೆ. ಅಷ್ಟೂ ದಿನ ಅಜ್ಜ ಹುಲ್ಲಿನ ರನ್‌ವೇ ಪಕ್ಕ ಕುರ್ಚಿ ಹಾಕಿ ಕೂತು, ಶಬ್ದ ಕೇಳಿ ಎಂಜಿನ್ ಹೇಗಿದೆ ಅಂತ ಬರೆದುಕೊಂಡರಂತೆ. ಕಳೆದ ವಾರದ ಮೇಲ್ ಬಂದದ್ದು ಅದಾದ ಮೇಲೆ. ಜೊತೆಗೆ ಎರಡು ಫೋಟೊ. ಮೊದಲನೆಯದರಲ್ಲಿ ಕೆನೆ ಬಣ್ಣದ ರೆಕ್ಕೆ, ಮುಂದಿನ ಸೀಟಿನಲ್ಲಿ ಚರ್ಮದ ಟೋಪಿ ಹಾಕಿಕೊಂಡ ಅಜ್ಜ. ಮುಂದಿನ ಸೀಟಿನಲ್ಲೂ ನಡೆಸುವ ಕೋಲು ಇರುತ್ತದೆ. ಮೇಲೆ ಹೋದ ಮೇಲೆ ಗೆಳೆಯರು ಹತ್ತು ನಿಮಿಷ ಅದನ್ನು ತಮ್ಮ ಕೈಗೆ ಬಿಟ್ಟರು ಅಂತ ಬರೆದಿದ್ದರು. "ದೂರದ್ದು ಕಾಣಲಿಲ್ಲ. ರೆಕ್ಕೆ ಕಂಡಿತು."

ಎರಡನೆಯ ಫೋಟೊ ದಿನಚರಿ ಪುಸ್ತಕದ ಒಂದು ಪುಟ. ಸೆಪ್ಟೆಂಬರ್ 2012. ಯಾವ ಪಕ್ಕೆಲುಬು, ಎಷ್ಟನೇ ಹೊಲಿಗೆ, ತಿಕ್ಕುವಾಗ ತುಂಡಾದದ್ದು, ಮತ್ತೆ ಹೊಲಿದದ್ದು, ಎಲ್ಲ ದಿನಾಂಕ ಸಮೇತ. ಕೊನೆಯಲ್ಲಿ ಕಂಡುಹಿಡಿದವರು ಅಂತ ನಮ್ಮಿಬ್ಬರ ಹೆಸರು. ಕಾಗುಣಿತ ತಪ್ಪಾಗಿದೆ. ತುಂಡು ಮಾಡಿದವರು ಯಾರು ಅಂತ ಅಜ್ಜ ಬರೆದಿಲ್ಲ.

ಅದನ್ನು ಇಲ್ಲಿ ಬರೆದಿದ್ದೇವೆ.